ಅಕ್ಕುತಾಯಿಯ ಡಬ್ಬಿ

ಬೋರಗಾಂವ
4 ಡಿಸೆಂಬರ್ 1988, ರವಿವಾರ

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಪಾವರ್‌ಲೂಮುಗಳೆಲ್ಲ ನಿಂತು ಊರಿಗೇ ಕಿವಿ ಕೇಳದಂತಾಗಿದೆ. ಪತ್ರಿಕೆಗೆ ಮತ್ತೊಂದು ಪತ್ರ ಬರೆದೆ. ಅಚ್ಚು ಹಾಕುವುದಿಲ್ಲ, ಗೊತ್ತು. ಬರೆಯದೆ ಇರಲಾಗುವುದಿಲ್ಲ.

ಮಧ್ಯಾಹ್ನ ತಂಗಿ ಅಕ್ಕುತಾಯಿಯ ವಿಮಾನದ ಟಿಕೆಟ್ ಬಂತು. ಹದಿಮೂರಕ್ಕೆ ಮುಂಬಯಿಯ ಸಹಾರದಿಂದ ದುಬೈ. ಅಕ್ಕೂ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟಳು. ಅವಳ ಒಬ್ಬಳೇ ಮಗಳು ಚಂದ್ರಮತಿ ಅಲ್ಲಿ ಹಾಸಿಗೆ ಹಿಡಿದಿದ್ದಾಳೆ. ಏಳನೆಯ ತಿಂಗಳು. ಹಿಂದಿನ ಸಲ ಇದೇ ಹೊತ್ತಿಗೆ ಕೂಸು ಹೋಯಿತು. ಈ ಸಲ ನೆಲಕ್ಕೆ ಕಾಲಿಡಬೇಡ ಎಂದಿದ್ದಾರೆ ಡಾಕ್ಟರರು. ಅಳಿಯ ಜ್ಞಾನದೇವ ಏಸಿ ರಿಪೇರಿಯವನು; ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಒಂದು ಲೋಟ ನೀರು ಕೊಡುವವರಿಲ್ಲ. ತಾಯಿ ಹೋಗಲೇಬೇಕು.

ತಾಯಿಯೋ... ಕೊಲ್ಹಾಪುರದಾಚೆ ಕಂಡವಳಲ್ಲ.

ನನಗೆ ಭಯ. ನೆನಪು ಗಟ್ಟಿಯಿದ್ದರೆ ಇದೇ ತೊಂದರೆ. ಎಂಬತ್ತೈದರಲ್ಲಿ ಸಮುದ್ರದ ಮೇಲೆ ಒಡೆದುಹೋದ ವಿಮಾನ. ಮರುವರ್ಷ ಕರಾಚಿಯಲ್ಲಿ ಬಂದೂಕು ಹಿಡಿದು ಹತ್ತಿದವರು. ಸತ್ತವರ ಹೆಸರುಗಳನ್ನು ಕೂಡ ಓದಿದ್ದೆ. ಅಕ್ಕೂನ ಮುಂದೆ ಹೇಳಲಿಲ್ಲ.

9 ಡಿಸೆಂಬರ್, ಶುಕ್ರವಾರ

ಊರಿನವರು ಬಿಡುತ್ತಿಲ್ಲ. ದುಬೈ, ಶಾರ್ಜಾಗಳಲ್ಲಿ ನಮ್ಮ ಕಡೆಯ ಹುಡುಗರಿದ್ದಾರಲ್ಲ — ಒಬ್ಬರ ಮನೆಯದು ಚಟ್ನಿ, ಇನ್ನೊಬ್ಬರದು ಹಪ್ಪಳ. ಹೋಗುವವರ ಕೈಗೆ ಗಂಟು ಕೊಡುವುದು ನಮ್ಮಲ್ಲಿ ಹಕ್ಕು. ಒಲ್ಲೆ ಅಂದರೆ ಜಗಳ.

ನಾನೇ ಬಾಗಿಲಲ್ಲಿ ನಿಂತು ಒಲ್ಲೆ ಅಂದೆ. ಮೊದಲು ಸಿಕ್ಕವಳು ಪಕ್ಕದ ಮನೆಯ ಶೇವಂತಾ.

"ಏನ್ರಿ ಬಾಪುಸಾಹೇಬ್ರ, ಶೇಂಗಾಚಟ್ನ್ಯಾಗ ಬಾಂಬ್ ಇಟ್ಟೇನೇನ್ರಿ ನಾ?"

"ಬಾಂಬ್ ಅಲ್ಲವಾ. ಗರ್ದು, ನಶಾದ ಪುಡಿ. ಎಂಬತ್ತೈದರಾಗ ಕಾಯ್ದೆ ಬಂದೈತಿ. ಪುಡಿ ಸಿಕ್ತಂದ್ರ ಹತ್ತ ವರ್ಷ ಜೈಲು. ಯಾರ ಕೊಟ್ರು, ಯಾಕ ಕೊಟ್ರು ಅಂತ ಕೇಳೂದಿಲ್ಲ."

"ಹತ್ತ ವರ್ಷ! ಅಟ್ರಾಗ ಚಟ್ನಿ ಕೆಟ್ಟ ಹೋಗ್ತೈತ್ರಿ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ನಗಲಿ. ಕಾನೂನು ಓದಿದವನು ನಾನು.

ಕೊನೆಗೆ ಬ್ಯಾಗಿನಲ್ಲಿದ್ದ ಒಂದೊಂದು ಪೊಟ್ಟಣವನ್ನೂ ಬಿಚ್ಚಿ, ಮೂಸಿ, ಮತ್ತೆ ಕಟ್ಟಿದೆ. ಬಾಣಂತಿಯ ಔಷಧದ ಬೇರುಗಳನ್ನು ತೆಗೆಸಿದೆ. ಅಕ್ಕೂ ಅತ್ತಳು, ತೆಗೆಸಿಯೇ ಬಿಟ್ಟೆ. ಅವಳ ಸೀರೆಗಳ ಗಂಟೊಂದನ್ನು ಮಾತ್ರ ಮುಟ್ಟಲಿಲ್ಲ. ತಂಗಿಯ ಬಟ್ಟೆಯಲ್ಲಿ ಅಣ್ಣ ಕೈಹಾಕುವುದುಂಟೆ?

ಸಂಜೆ ಶೇವಂತಾಳ ಒಲೆಯಿಂದ ತಂಬಾಕು ಹುರಿಯುವ ಘಾಟು. ಮಿಶ್ರಿ ಮಾಡುತ್ತಿದ್ದಾಳೆ. ಈ ನಿಪ್ಪಾಣಿ ಸೀಮೆಯ ದರಿದ್ರ — ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಹೆಂಗಸರು ಬೆಳಗಾದರೆ ಹಲ್ಲಿಗೆ ತಿಕ್ಕುತ್ತಾರೆ. ತಿಕ್ಕದಿದ್ದರೆ ತಲೆನೋವು, ಕೈನಡುಕ. ಎಂಬತ್ತೊಂದರಲ್ಲಿ ತಂಬಾಕು ಬೆಳೆಯುವವರ ಪರವಾಗಿ ಹೆದ್ದಾರಿಯಲ್ಲಿ ಧರಣಿ ಕುಳಿತವನು ನಾನು. ಪೊಲೀಸರ ಗುಂಡಿನ ಸದ್ದು ಇನ್ನೂ ಕಿವಿಯಲ್ಲಿದೆ. ಆದರೂ ಆ ಎಲೆಯನ್ನು ಮನೆಯೊಳಗೆ ಬಿಡುವವನಲ್ಲ.

ನಮ್ಮ ಮನೆಯಲ್ಲಿ ಅದಿಲ್ಲ. ಮೂರು ವರ್ಷದ ಹಿಂದೆ ಸ್ತವನಿಧಿಯ ಬಸದಿಯಲ್ಲಿ ಮುನಿ ಮಹಾರಾಜರ ಎದುರು ಅಕ್ಕೂ ನಿಯಮ ತೆಗೆದುಕೊಂಡಳು — ಜೀವ ಇರುವತನಕ ಮಿಶ್ರಿ ಮುಟ್ಟುವುದಿಲ್ಲ ಎಂದು. ಪಕ್ಕದಲ್ಲಿ ನಾನೇ ಇದ್ದೆ. ಸಿಕ್ಕವರಿಗೆಲ್ಲ ಹೇಳಿದ್ದೇನೆ.

ಘಾಟು ಬರುತ್ತಿದ್ದಂತೆ ಅಕ್ಕೂ ಎದ್ದು ಹಿತ್ತಲಿಗೆ ಹೋದಳು. ಪಾಪ, ಈಗ ವಾಸನೆಯೂ ಆಗುವುದಿಲ್ಲ.

ಮುಂಬಯಿ, ಸಹಾರ
13 ಡಿಸೆಂಬರ್, ಮಂಗಳವಾರ — ಬೆಳಿಗ್ಗೆ

ಒಳಗೆ ಕಳಿಸಿ ಬಂದೆ. ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಬಸ್ಸಿಳಿದದ್ದು ದಾದರಿನಲ್ಲಿ. ರಸ್ತೆಯ ಬದಿಯ ನಳದಲ್ಲಿ ಮುಖ ತೊಳೆದೆವು. ಅಕ್ಕೂ ಬಹಳ ಹೊತ್ತು ಬೆನ್ನು ತಿರುಗಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅಳುತ್ತಿದ್ದಾಳೆ ಎಂದು ನಾನು ಅತ್ತ ಹೋಗಲಿಲ್ಲ.

ಮುಂಬಯಿ ರಾಜ್ಯದಲ್ಲಿ ನಾವಿದ್ದ ಕಾಲಕ್ಕೆ ಒಮ್ಮೆ ಸಾಂತಾಕ್ರೂಜಿಗೆ ವಿಮಾನ ನೋಡಲು ಬಂದಿದ್ದೆ. ಬೇಲಿಯ ಪಕ್ಕ ನಿಂತು ಹೋಗುವವರಿಗೆ ಕೈ ಬೀಸಬಹುದಿತ್ತು. ಈಗ ಪರದೇಶದ ವಿಮಾನಗಳಿಗೆಂದೇ ಈ ಬೇರೆ ಕಟ್ಟಡ. ಸಿಮೆಂಟು, ಗಾಜು, ಬಂದೂಕು. ಹೊರಗೆ ಕಾಲುದಾರಿಯ ಮೇಲೆ ಕೊಲ್ಲಿಗೆ ಹೋಗುವ ಕೂಲಿಯವರು ಕುಕ್ಕರುಗಾಲಲ್ಲಿ ಸಾಲಾಗಿ ಕುಳಿತಿದ್ದಾರೆ; ಏಜೆಂಟನೊಬ್ಬ ಕುರಿ ಎಣಿಸಿದಂತೆ ತಲೆ ಮುಟ್ಟಿ ಎಣಿಸುತ್ತಿದ್ದಾನೆ. ಇವರು ಕಳಿಸುವ ಹಣದಿಂದ ದೇಶ ನಡೆಯಬೇಕು. ಕೂರಲು ಒಂದು ಬೆಂಚು ಕೊಡಲಾರರು. ಇದರ ಬಗ್ಗೆ ಬರೆಯಬೇಕು.

ಟಿಕೆಟ್ ಇದ್ದವರಿಗಷ್ಟೇ ಒಳಗೆ ಪ್ರವೇಶ. ಬಾಗಿಲಲ್ಲಿ ಅಕ್ಕೂ ನನ್ನ ಕಾಲು ಮುಟ್ಟಿದಳು.

"ಅಣ್ಣಾ, ಒಳಗ ಏನ್ ಕೇಳ್ತಾರ?"

"ಬ್ಯಾಗ್ ನೋಡ್ತಾರ. ಪಾಸ್‌ಪೋರ್ಟ್ ತೋರಸು. ಕೇಳಿದ್ದಕ್ಕ ಖರೇ ಹೇಳು, ಅಷ್ಟ."

ತಲೆಯಾಡಿಸಿದಳು. ಮುಖ ಬಿಳಿಚಿತ್ತು. ಗಾಜಿನಾಚೆ ಅವಳ ಹಸಿರು ಸೀರೆ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಕಾಣಲಿಲ್ಲ.

ಅದೇ ದಿನ, ಆಮೇಲೆ

ವಿಮಾನ ಎದ್ದ ಸದ್ದು ಕೇಳಿತು. ಅದೋ, ಬೇರೆಯದೋ... ಕೈ ಮುಗಿದೆ. ಚಹಾ ತರಲು ಏಳುವಷ್ಟರಲ್ಲಿ ಧ್ವನಿವರ್ಧಕ —

ಅಕ್ಕುತಾಯಿ ಪಾಟೀಲ ಎಂಬ ಪ್ರಯಾಣಿಕರ ಜೊತೆ ಬಂದವರು ವಿಚಾರಣೆಯ ಕೌಂಟರಿಗೆ ಬರಬೇಕು. ಎರಡು ಸಲ.

ಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ

ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ. ಹೊರಗೆ ಕಾರಿಡಾರಿನಲ್ಲಿ ಕೂರಿಸಿದ್ದಾರೆ.

ವಿಮಾನ ಅವಳನ್ನು ಬಿಟ್ಟು ಹೋಗಿದೆ. ಕಸ್ಟಮ್ಸ್‌ನವರ ಕೋಣೆಯಲ್ಲಿದ್ದಾಳೆ. ಸೀರೆಯ ಗಂಟಿನೊಳಗೆ ಒಂದು ಡಬ್ಬಿ ಸಿಕ್ಕಿದೆಯಂತೆ — ಚಪ್ಪಟೆಯ ತಗಡಿನ ಡಬ್ಬಿ, ಒಳಗೆ ಕಪ್ಪುಗಂದು ಪುಡಿ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಅದನ್ನು ಇಟ್ಟಿದ್ದಾರೆ. ನಾನು ಹತ್ತಿರ ಹೋಗಲು ಬಿಡಲಿಲ್ಲ. ಅಕ್ಕೂ ಮೂಲೆಯ ಸ್ಟೂಲಿನ ಮೇಲೆ. ಹನಿ ನೀರು ಕುಡಿದಿಲ್ಲ; ಸೋಸದ ನೀರು ಒಲ್ಲೆ ಎಂದಳಂತೆ.

ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು. ಕನ್ನಡಕದವರು ಹಿಂದಿಯವರು, ಸೌಮ್ಯ ಮನುಷ್ಯ. ಇನ್ನೊಬ್ಬಳು ಮರಾಠಿ ಹೆಂಗಸು.

"ಇದು ಯಾರದು ಎಂದು ನೀವೇ ಕೇಳಿ, ನಿಮ್ಮ ಭಾಷೆಯಲ್ಲಿ" ಎಂದರು ಕನ್ನಡಕದವರು.

ಕೇಳಿದೆ.

"ನಂದಲ್ಲ ಅಣ್ಣಾ. ಯಾರೋ ಕೊಟ್ರು."

"ಯಾರು?"

"ಬಾಗಲದಾಗ... ಒಬ್ಬಾಂವ. ತನ್ನ ಹೆಂಡತಿಗಿ ಮುಟ್ಟಸು ಅಂದ."

"ಎಂಥಾಂವ?"

"ನೀಲಿ ಅಂಗಿ ತೊಟ್ಟಿದ್ದ."

ಅದನ್ನು ಮರಾಠಿಯಲ್ಲಿ ತಿಳಿಸಿದೆ. ಮರಾಠಿ ಹೆಂಗಸು ಮೆಲ್ಲಗೆ ಹೇಳಿದಳು — ನಮಗೆ ಆಗ ಬಿಳಿ ಅಂಗಿ ಅಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಅಂದಿದ್ದರು.

ನನಗೆ ರೇಗಿತು. "ಹಾದ್ಯಾಗಿನಾಂವ ಕೊಟ್ರ ಯಾಕ ತಗೊಂಡಿ ಬೇ? ಅಷ್ಟ ಹೇಳಿದ್ದೆನಲ್ಲ!" ಕೂಗಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಕೈ ನಡುಗುತ್ತಿತ್ತು.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ, ವಾಸನೆ ತಂಬಾಕಿನದು. ನಮಗೂ ಮೂಗಿದೆ. ತನ್ನದು ಅಂದರೆ ಒಂದು ಮಾತು. ಯಾರೋ ಕೊಟ್ಟ, ಯಾರಿಗೋ ಮುಟ್ಟಿಸಬೇಕು ಅಂದರೆ ಬೇರೆಯೇ ಮಾತು. ತಂಬಾಕಿನಲ್ಲಿ ಇನ್ನೇನು ಬೆರೆಸಿದ್ದಾರೋ! ಗೊತ್ತಿದ್ದೂ ಬಿಟ್ಟರೆ ನನ್ನ ನೌಕರಿ ಹೋಗುತ್ತದೆ. ಐದಕ್ಕೆ ಡಬ್ಬಿಗೆ ಸೀಲ್ ಹಾಕಿ ಪರೀಕ್ಷೆಗೆ ಕಳಿಸಬೇಕು. ಆಮೇಲೆ ನನ್ನ ಕೈಯಲ್ಲಿಲ್ಲ."

ವರದಿ ಬರುವವರೆಗೆ? ಕೇಳಲಿಲ್ಲ. ಉತ್ತರ ಗೊತ್ತು. ತಿಂಗಳುಗಟ್ಟಲೆ ಒಳಗೇ ಇದ್ದವರ ಸುದ್ದಿ ಕತ್ತರಿಸಿ ಇಟ್ಟುಕೊಂಡವನು ನಾನು. ಊರಿನಲ್ಲಿ ಎಲ್ಲರಿಗೂ ಓದಿ ಹೇಳಿದವನು ನಾನು. ಹತ್ತು ವರ್ಷ... ಅವಳಿಗೆ ಈಗ ಐವತ್ತೆಂಟು.

ಜ್ಞಾನದೇವ ದುಬೈಯಲ್ಲಿ ಬಾಗಿಲ ಬಳಿ ನಿಂತಿರುತ್ತಾನೆ. ಒಬ್ಬೊಬ್ಬರೇ ಹೊರಗೆ ಬರುತ್ತಾರೆ. ಅತ್ತೆ ಬರುವುದಿಲ್ಲ. ಮನೆಗೆ ಹೋಗಿ ಚಂದ್ರಮತಿಗೆ ಏನು ಹೇಳುತ್ತಾನೆ? ಆ ಹುಡುಗಿ ಗಾಬರಿಯಾಗಿ ಹಾಸಿಗೆಯಿಂದ ಎದ್ದರೆ —

ಇಲ್ಲ. ಅದನ್ನು ಬರೆಯುವುದಿಲ್ಲ.

ಏರ್‌ಲೈನ್ಸ್ ಹುಡುಗ ಒಳ್ಳೆಯವನು. ಇವತ್ತೇ ಬಿಟ್ಟರೆ ನಾಳೆಯ ವಿಮಾನದಲ್ಲಿ ಸೀಟು ಕೊಡಿಸುತ್ತೇನೆ ಎಂದ. ದುಬೈ ಆಫೀಸಿಗೆ ಟೆಲೆಕ್ಸ್ ಮಾಡಿಸುತ್ತೇನೆ ಎಂದ. ಏನೆಂದು ಮಾಡಿಸಲಿ?

ಅದೇ ದಿನ, ಇನ್ನೂ ಸ್ವಲ್ಪ ಹೊತ್ತಿನ ಮೇಲೆ

ನೀಲಿ ಅಂಗಿಯವನನ್ನು ಹುಡುಕಿಕೊಂಡು ಹೊರಗೆ ಹೋಗಿ ಬಂದೆ. ಹುಚ್ಚು. ಟ್ಯಾಕ್ಸಿಯವರಲ್ಲಿ ಎಷ್ಟೋ ಜನ ನೀಲಿ ಅಂಗಿಯವರು. ಒಬ್ಬನ ಕೈ ಹಿಡಿದು ಕೇಳಿಯೂ ಬಿಟ್ಟೆ. ಅವನು ಬೈದ.

ಹಿಂತಿರುಗುವಾಗ ಕುಡಿಯುವ ನೀರಿನ ನಳದ ಹತ್ತಿರ ನಿಂತೆ. ಒಬ್ಬ ಹೆಂಗಸು ಬೆನ್ನು ತಿರುಗಿಸಿ ಬಾಯಿ ಮುಕ್ಕಳಿಸುತ್ತಿದ್ದಳು. ಸೆರಗು ಬಾಯಿಗೆ ಅಡ್ಡ.

ದಾದರಿನ ನಳ.

ಅಳುತ್ತಿರಲಿಲ್ಲ ಅವಳು. ನಡುಗುತ್ತಿದ್ದ ಕೈ ಭಯದ್ದಷ್ಟೇ ಅಲ್ಲ. ಹಿತ್ತಲಿಗೆ ಎದ್ದು ಹೋದದ್ದು ವಾಸನೆಗೆ ಹೇಸಿ ಅಲ್ಲ...

ಕೊಟ್ಟವರು ಯಾರೂ ಇಲ್ಲ. ಡಬ್ಬಿ ಅವಳದೇ.

ಓಡಿದೆ. ಅಧಿಕಾರಿಗೆ ಹೇಳಿದೆ: ಅದು ಮಿಶ್ರಿ, ಹಲ್ಲಿಗೆ ತಿಕ್ಕುವುದು, ಇವಳದೇ. ಮರಾಠಿ ಹೆಂಗಸು ತಟ್ಟನೆ ತಲೆಯೆತ್ತಿದಳು — ಅವಳಿಗೆ ಅನುಮಾನ ಇದ್ದೇ ಇತ್ತು ಅನಿಸುತ್ತದೆ. ಕನ್ನಡಕದವರು ಪೆನ್ನು ಕೆಳಗಿಟ್ಟರು. "ನೀವು ಹೇಳಿದರೆ ಆಗದು. ಅಣ್ಣ ತಂಗಿಯನ್ನು ಉಳಿಸಲು ಏನಾದರೂ ಹೇಳುತ್ತಾನೆ. ಅವರೇ ಹೇಳಬೇಕು."

ಅಕ್ಕೂನ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ.

"ಅಕ್ಕೂ, ನಂದ ಅಂತ ಹೇಳವಾ. ನಾ ಸಿಟ್ಟಾಗೂದಿಲ್ಲ."

ಅವಳು ನನ್ನ ಮುಖ ನೋಡಿದಳು. ಆ ಕಣ್ಣುಗಳಲ್ಲಿ ಇದ್ದ ಹೆದರಿಕೆ... ಬಂದೂಕಿನವನದಲ್ಲ, ಜೈಲಿನದಲ್ಲ.

"ನಾ ನಿಯಮ ಮುರದಿಲ್ಲ ಅಣ್ಣಾ. ನಿನ್ನಾಣಿ. ಮಹಾರಾಜರ ಮುಂದ ಹೇಳೇನಲ್ಲ... ನೀನೂ ಇದ್ಯಲ್ಲ. ನಂದಲ್ಲ ಅದು."

"ಚಂದ್ರೀ ದಾರಿ ನೋಡಾಕತ್ತಾಳ ಅಕ್ಕೂ."

"ಗೊತ್ತೈತಿ." ಅಳು ಒತ್ತಿ ಬಂತು. "ನಂದಲ್ಲ."

ಎದ್ದೆ. ಮಂಡಿ ನೋಯುತ್ತಿತ್ತು. ಅವಳಿಗೆ ಮಗಳ ಬಳಿ ಹೋಗಬೇಕು. ಆದರೆ ನಾನು ಎದುರಿಗೆ ಇರುವತನಕ ಆ ಬಾಯಿಂದ ಆ ಮಾತು ಬರುವುದಿಲ್ಲ. ಕಾಯ್ದೆ, ಕೋರ್ಟು, ಗುರುತಿನ ವಕೀಲ — ಏನೆಲ್ಲ ಯೋಚಿಸಿದ್ದೆ. ಯಾವುದೂ ಬೇಡ. ನಾನು ಹೊರಗೆ ಹೋಗಬೇಕು, ಅಷ್ಟೇ.

ಮರಾಠಿ ಹೆಂಗಸಿಗೆ ಹೇಳಿದೆ: ತಾಯಿ, ನಾನು ಹೋಗುತ್ತೇನೆ. ನೀವು ಕೇಳಿ. ಕನ್ನಡಕದವರನ್ನೂ ಸ್ವಲ್ಪ ದೂರ ಕೂರಿಸಿ. ಅವಳು ಏನು ಹೇಳಿದಳು ಎಂದು ನನಗೆ ಹೇಳಬೇಡಿ. ಎಂದೂ ಹೇಳಬೇಡಿ.

ಅಕ್ಕೂಗೆ ಕೇಳುವಂತೆ ಗಟ್ಟಿಯಾಗಿ ಅಂದೆ: "ನಾ ಟೆಲೆಕ್ಸ್ ಕೊಡಸಾಕ ದೂರ ಹೊಂಟೇನಿ. ಲಗೂನ ಬರೂದಿಲ್ಲ."

ಬಾಗಿಲು ಮುಚ್ಚುವಾಗ ಆ ಹೆಂಗಸು ಹೆದರಬೇಡಿ ಎಂದು ಸಮಾಧಾನ ಹೇಳುವ ದನಿ ಕೇಳಿತು: "ಮಾವಶೀ, ಘಾಬರೂ ನಕಾ..."

ಅದೇ ಕಾರಿಡಾರು. ಐದಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ

ದೂರ ಹೋಗಲಿಲ್ಲ. ಕಂಬದ ಮರೆಯ ಬೆಂಚು. ಕೋಣೆಗೆ ಬೆನ್ನು ಹಾಕಿ ಕುಳಿತಿದ್ದೇನೆ.

ಒಬ್ಬ ಜವಾನ ಅರಗು, ದಾರ, ಮೇಣದಬತ್ತಿ ಇಟ್ಟ ತಟ್ಟೆ ಹಿಡಿದು ಬಂದ. ಸೀಲ್ ಹಾಕಲು. ಕನ್ನಡಕದವರು ಅವನನ್ನು ಬಾಗಿಲಲ್ಲೇ ತಡೆದರು. ತಾವೂ ಹೊರಗೇ ನಿಂತರು.

ಒಳಗಿನ ಮಾತು ಕೇಳುವುದಿಲ್ಲ. ಎದುರಿಗೆ ನೋಟಿಸ್ ಹಾಕುವ ಗಾಜಿನ ಪೆಟ್ಟಿಗೆಯಿದೆ. ಅದರಲ್ಲಿ ಹಿಂದಿನ ಕೋಣೆಯ ಒಳಗು, ಅದರ ಗಾಜಿನ ಕಿಟಕಿಯ ಮೂಲಕ, ಮಸುಕಾಗಿ ಕಾಣುತ್ತದೆ. ನೋಡಬಾರದೆಂದು ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ.

ಹೇಳು ಅಕ್ಕೂ. ನಾನಿಲ್ಲಿ ಇಲ್ಲ. ಯಾರೂ ಇಲ್ಲ.

ನೋಡಿದೆ. ಹಸಿರು ಸೀರೆ ಮೇಜಿನ ಬಳಿ ಬಂದಿದೆ. ಬಾಗಿಲ ಕಡೆ ಒಮ್ಮೆ ತಿರುಗಿದಳು. ನಾನು ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ತೋರುಬೆರಳು ಡಬ್ಬಿಯೊಳಗೆ, ಅಲ್ಲಿಂದ ಸೆರಗಿನ ಮರೆಯಲ್ಲಿ ಹಲ್ಲಿಗೆ —