ಎಲ್ಲ ಹೊಟ್ಟೆಗೂ ಒಂದೇ ಪಚಡಿಯೇ?

ನಮ್ಮೂರ ಆರೋಗ್ಯ ಶಿಬಿರದಲ್ಲಿ ಮೈಕು ಹಿಡಿದಿದ್ದ ಅಧಿಕಾರಿಗಳೇ,

ತಮ್ಮ ಭಾಷಣ ಕೇಳಿ ನಮ್ಮ ಮನೆಯವರು ಆಸ್ಪತ್ರೆ ಸೇರಿದರು. ಭಾಷಣ ಕೇಳಿ ನಿದ್ದೆ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಸಲೈನ್ ಹಚ್ಚಿಸಿಕೊಂಡವರು ಇವರೇ ಮೊದಲಿಗರು.

ಮನೆಯವರ ಹೆಸರು ತಿರುಪತಿ, ಗಂಗಾವತಿಯಿಂದ ಕುಷ್ಟಗಿಗೆ ಓಡುವ ಬಸ್ಸಿನ ಕಂಡಕ್ಟರ್. ಅವರಿಗೆ ದೊಡ್ಡ ಕರುಳಿನ ಉರಿಯೂತ. ಹುಣ್ಣಾಗಿ ರಕ್ತ ಬೀಳುವ, ಅಡಗಿದಂತೆ ಮಾಡಿ ಮತ್ತೆ ಕೆರಳುವ ಕಾಯಿಲೆ ಅದು. ಗುಳಿಗೆ, ಮೆತ್ತಗಿನ ಅನ್ನ, ಸಿಪ್ಪೆ ಹೆರೆದು ಬೇಯಿಸಿದ ಹೀರೇಕಾಯಿ, ಇಷ್ಟರಲ್ಲಿ ಕರುಳು ಸುಮ್ಮನಿತ್ತು. ನಾವೆಲ್ಲ ರೊಟ್ಟಿಗೆ ಕೆಂಪು ಖಾರ ಹಚ್ಚಿ ಹಸಿ ಉಳ್ಳಾಗಡ್ಡಿ ಕಡಿಯುವಾಗ ಅವರು ಆ ಕಡೆ ಮುಖ ಮಾಡಿ ಉಣ್ಣುತ್ತಿದ್ದರು.

ಆಗ ತಾವು ದಯಮಾಡಿಸಿದಿರಿ. "ಹೊಟ್ಟೆಯ ಸಕಲ ರೋಗಕ್ಕೂ ಹಸಿ ತರಕಾರಿ, ಮೊಳಕೆ ಕಾಳೇ ಮದ್ದು. ಗುಳಿಗೆಗಳನ್ನು ಎಸೆದುಬಿಡಿ" ಎಂದು ಅಪ್ಪಣೆ ಕೊಡಿಸಿದಿರಿ. ಸಕಲ ರೋಗಕ್ಕೂ! ಚಪ್ಪಾಳೆಯೂ ಬಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಹಬ್ಬ. ಮೂಲಂಗಿ, ಹಸಿ ಮೆಂತ್ಯಸೊಪ್ಪಿನ ಪಚಡಿ, ಮೊಳಕೆ ಹುರುಳಿ. ಗುಳಿಗೆಗೆ ರಜೆ.

"ಬ್ಯಾಡ್ರಿ, ಡಾಕ್ಟರನ್ನ ಒಂದ್ ಮಾತು ಕೇಳೂಣು" ಎಂದೆ.

"ಸಾಹೇಬ್ರ ಹೇಳ್ಯಾರ. ನೀ ಅವ್ರಿಗಿಂತ ಶಾಣ್ಯಾಕಿ ಏನು?"

"ನಿಮ್ಮ ಹೊಟ್ಟಿ ಸಾಹೇಬ್ರು ಯಾವಾಗ ನೋಡ್ಯಾರ್ರಿ?"

ಅವರು ಇನ್ನೊಂದು ಮೂಲಂಗಿ ಬಾಯಿಗಿಟ್ಟುಕೊಂಡರು.

ಕೆಲವೇ ದಿನ. ಕನಕಗಿರಿ ದಾಟುತ್ತಲೇ, ತುಂಬಿದ ಬಸ್ಸಿನಲ್ಲಿ ಇವರ ಹೊಟ್ಟೆ ತಿರುಚಿತು. ಡ್ರೈವರ್ ಬಾಬಾಸಾಬಣ್ಣ ಹೊಲದ ಮನೆಯೊಂದರ ಮುಂದೆ ಬಸ್ಸು ನಿಲ್ಲಿಸಿದರು. ಇವರು ಒಳಗೆ ಓಡಿದರು. ಬಸ್ಸಿನಲ್ಲಿ ಗದ್ದಲ. "ಸಂತಿಗೆ ಹೊತ್ತಾತು, ಎಲ್ಲಿ ಹೋಗ್ಯಾನ ಈ ಕಂಡಕ್ಟರ?" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ದುರಗಮ್ಮ ಎಂಬ ಮುದುಕಿ. ಇವರು ಬೆವೆತು, ಬಿಳಿಚಿಕೊಂಡು, ಬಾಗಿಲು ಹಿಡಿದು ಹತ್ತಿದಾಗ ಅದೇ ಮುದುಕಿ ಎದ್ದು ಸೀಟು ಬಿಟ್ಟಳಂತೆ. "ಕುಂದ್ರಪಾ ತಮ್ಮಾ. ಸಂತಿ ಎಲ್ಲಿ ಓಡಿ ಹೊಕ್ಕೈತಿ?" ರಕ್ತ ಹೋಗಿದೆಯೆಂದು ತಿಳಿದ ಬಾಬಾಸಾಬಣ್ಣ, ಜನರ ಸಮೇತ ಬಸ್ಸನ್ನು ನೇರ ಕುಷ್ಟಗಿಯ ಆಸ್ಪತ್ರೆ ಬಾಗಿಲಿಗೇ ತಂದರು. ಒಬ್ಬರೂ ತಕರಾರು ಮಾಡಲಿಲ್ಲ.

ಅಲ್ಲಿನ ಡಾಕ್ಟರಮ್ಮ ಗದರಿದರು. "ಗುಳಿಗಿ ಯಾಕ ಬಿಟ್ರಿ? ಕರುಳು ಕೆರಳಿದಾಗ ಹಸಿ ಕಾಯಿಪಲ್ಯ, ನಾರು, ಖಾರ ಭಾಳ ಮಂದಿಗೆ ತ್ರಾಸ ಕೊಡತಾವ. ಶಾಂತ ಆದ ಮ್ಯಾಲ ಒಂದೊಂದ ತಿಂದು ನೋಡ್ರಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಂಗಿಲ್ಲ. ಊಟದಿಂದ ತ್ರಾಸ ಕಡಿಮಿ ಆಗಬಹುದು, ಬ್ಯಾನಿ ಹೋಗಂಗಿಲ್ಲ."

ಈಗ ಚೇತರಿಸಿಕೊಂಡಿದ್ದಾರೆ. ಹಾಲು ಆಗುವುದಿಲ್ಲ, ಮಜ್ಜಿಗೆ ಆಗುತ್ತದೆ. ಮೊನ್ನೆ ಬೇಯಿಸಿದ ಗಜ್ಜರಿ ತಿಂದು ಏನೂ ಆಗದಿದ್ದಾಗ ಪರೀಕ್ಷೆ ಪಾಸಾದಷ್ಟು ಸಂತೋಷಪಟ್ಟೆವು.

ಪಚಡಿ ತಮಗೆ ಹಿತವೇ? ಧಾರಾಳವಾಗಿ ತಿನ್ನಿ. ಆದರೆ ಕಾಣದ ಕರುಳಿಗೆ ಆದೇಶ ಹೊರಡಿಸುವ ಅಧಿಕಾರ ತಮಗೆ ಯಾವ ಇಲಾಖೆ ಕೊಟ್ಟಿತು? ಚಪ್ಪಲಿ ಮಾರುವವನೂ ಅಳತೆ ಕೇಳುತ್ತಾನಲ್ಲವೇ?

ನನ್ನ ಬೇಡಿಕೆ ಇಷ್ಟೇ. "ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ" ಎಂದು ಮುಂದಿನ ಶಿಬಿರದಲ್ಲಿ ತಾವೇ ಸಾರಬೇಕು. ತಾಲ್ಲೂಕಿಗೊಬ್ಬ ಆಹಾರ ತಜ್ಞರನ್ನು ವಾರಕ್ಕೊಮ್ಮೆಯಾದರೂ ಆಸ್ಪತ್ರೆಯಲ್ಲಿ ಕೂಡಿಸಬೇಕು. ಶಿಬಿರದ ದಿನ ಊಟಕ್ಕೆ ನಮ್ಮ ಮನೆಗೇ ಬನ್ನಿ. ಬಡಿಸುವ ಮೊದಲು ನಾನು ಕೇಳುತ್ತೇನೆ: "ಸಾಹೇಬ್ರ, ನಿಮಗ ಏನು ಆಗತೈತ್ರಿ, ಏನು ಆಗಂಗಿಲ್ರಿ?"

ಇಂತಿ,
ಒಂದೇ ಮನೆಯಲ್ಲಿ ಎರಡು ಬಗೆಯ ಸಾರು ಕುದಿಸುತ್ತಿರುವ
ಮಹೇಶ್ವರಿ