ಗದ್ದೆಯಲ್ಲಿ ತೂಗುವ ಸೀಡಿಗಳು

ಕೊಪ್ಪ
ನವೆಂಬರ್ ೨೦೦೬

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಸುಮಂಗಲಾ ಮುನಿಸಿಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದಾಗ ಸೀರೆಗಳ ಜೊತೆ ನನ್ನ ಸೀಡಿಗಳ ಪೆಟ್ಟಿಗೆಯನ್ನೂ ಒಯ್ದಳು. ಪೋಲೆಂಡ್, ಹಂಗೇರಿಗಳ ಸಿನಿಮಾ ಸಂಗೀತ ಅದು. ಅಲ್ಲಿಯವರೇ ಮರೆತ ಸಂಗೀತಗಾರರನ್ನು ವರ್ಷಗಟ್ಟಲೆ ಹುಡುಕಿ ಕೂಡಿಸಿದ್ದೆ. "ಹಂಗೇರಿಯವರ ಪಿಟೀಲು ಕೇಳ್ತೀರಿ, ಹೆಂಡ್ತಿ ಮಾತು ಕೇಳಲ್ಲ" ಎಂಬುದು ಅವಳ ತಕರಾರು.

ನಿನ್ನೆ ನಿಮ್ಮೂರ ಬಸ್ಸಿನ ಕಂಡಕ್ಟರ್ ಧರ್ಮೇಶ್ ಸಿಕ್ಕಿದ್ದ. "ಮೇಷ್ಟ್ರೇ, ನಿಮ್ಮ ಸೀಡಿ ಎಲ್ಲ ಮಾವನ ಗದ್ದೇಲಿ ತೂಗಾಡ್ತಿದಾವೆ ಮಾರಾಯ್ರೆ! ಹೊಳಪಿಗೆ ಒಂದು ಗಿಳಿನೂ ಇಳೀತಿಲ್ಲ" ಎಂದ. ಹಳೇ ಸೀಡಿಗಳನ್ನು ಗದ್ದೆಗೆ ಕಟ್ಟುವುದು ಎಲ್ಲರ ರೂಢಿ, ನಿಮ್ಮ ತಪ್ಪೇನಿಲ್ಲ. ಯುರೋಪಿನಲ್ಲಿ ಪ್ರೇಕ್ಷಕರನ್ನು ಓಡಿಸಿದ ಸಂಗೀತ ಇಲ್ಲಿ ಗಿಳಿಗಳನ್ನಾದರೂ ಓಡಿಸಲಿ. ಕೊಯ್ಲು ಮುಗಿಯುವವರೆಗೆ ಇಳಿಸಬೇಡಿ.

ಆದರೆ ಒಂದು ಕೋರಿಕೆ. ದಾರದಲ್ಲಿರುವ ಸೀಡಿಗಳನ್ನೆಲ್ಲ ಒಮ್ಮೆ ತಿರುಗಿಸಿ ನೋಡಿ. ಒಂದರ ಮೇಲೆ ಕೆಂಪು ಶಾಯಿಯಲ್ಲಿ 'ಸುಮ' ಎಂದು ಅವಳದೇ ಅಕ್ಷರವಿದೆ. ಮದುವೆಯಾದ ಹೊಸತರಲ್ಲಿ ಅದನ್ನು ನನ್ನ ಜೊತೆ ಕೂತು ಕೇಳಿ, "ಇದು ನಂದು, ಯಾರಿಗೂ ಕೊಡೋ ಹಾಗಿಲ್ಲ" ಎಂದು ಹೇಳಿ ಹೆಸರು ಬರೆದುಕೊಂಡಿದ್ದಳು.

ಅವಳನ್ನು ಏನೂ ಕೇಳಬೇಡಿ. ಆ ಸೀಡಿ ಗದ್ದೆಯಲ್ಲಿ ಇಲ್ಲದಿದ್ದರೆ ಧರ್ಮೇಶನ ಹತ್ತಿರ ಒಂದು ಮಾತು ಹೇಳಿ ಕಳಿಸಿ, ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆ. ಅದೂ ಅಲ್ಲೇ ತೂಗುತ್ತಿದ್ದರೆ ಉತ್ತರ ಬೇಡ. ಗಿಳಿಗಳ ಹಾಗೆ ನಾನೂ ದೂರವೇ ಇರುತ್ತೇನೆ.

ಸದ್ಯಕ್ಕೆ ನಿಮ್ಮ ಅಳಿಯ,
ಸೋಮನಾಥ್