ನೀಲಿ ಪುಸ್ತಕದ ನಲವತ್ತು ದಿನ

ನರ್ಸಮ್ಮನವರಿಗೆ ನಮಸ್ಕಾರ,

ಇಪ್ಪತ್ತೆಂಟು ವರ್ಷದ ಹಿಂದೆ ಏಳನೇ ತಿಂಗಳಿಗೇ ಹುಟ್ಟಿದ ಹೆಣ್ಣುಕೂಸನ್ನು ನೀವು ನಲವತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಿದಿರಿ. ಕಿಟಕಿಯಾಚೆ ನಿಂತು ನೋಡುತ್ತಿದ್ದವಳು ನಾನು.

ಅವಳಿಗೆ ಈಗಲೇ ಬಿಪಿ ಬಂದಿದೆ. ದಿನ ತುಂಬದೆ ಹುಟ್ಟಿದ ಕೆಲವರಿಗೆ ಹೀಗೆ ಬೇಗ ಬರುತ್ತದಂತೆ. ಹುಟ್ಟಿದಾಗ ತೂಕವೆಷ್ಟು, ಉಸಿರಾಟ ಹೇಗಿತ್ತು ಎಂದು ಡಾಕ್ಟರು ಕೇಳಿದರು. ಅದೆಲ್ಲ ನರ್ಸಮ್ಮನಿಗೇ ಗೊತ್ತು ಎಂದೆ.

"ಅಮ್ಮಾ, ನನ್ನನ್ನ ಹೆತ್ತಿದ್ದು ನೀನೋ, ನರ್ಸಮ್ಮನೋ?" ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಹಾಲು ನನ್ನದು, ಕುಡಿಸಿದ ಕೈ ನಿಮ್ಮದು. ಮನೆಗೆ ತಂದ ದಿನ ನನ್ನ ತೋಳಲ್ಲಿ ಒಂದೇ ಸಮನೆ ಅತ್ತವಳು, ಆಸ್ಪತ್ರೆಯಲ್ಲಿ ನೀವು ತಟ್ಟುತ್ತಿದ್ದ ಹಾಗೆ ನಾನೂ ಅಂಗಾಲು ತಟ್ಟಿದ ಮೇಲೆಯೇ ಸುಮ್ಮನಾದಳು. ಹೊಟ್ಟೆಕಿಚ್ಚು ಪಾಪವೆಂದು ದೇವರಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ. ಕೈಮುಗಿದು ನಾನು ಏಳುವಷ್ಟರಲ್ಲಿ ಅದೂ ಎದ್ದಿರುತ್ತದೆ.

ಆಸ್ಪತ್ರೆಯಲ್ಲಿ ಹಳೇ ಕಾಗದಪತ್ರ ಇಲ್ಲವಂತೆ. ನೀವು ಬರೆದಿಡುತ್ತಿದ್ದ ನಿಮ್ಮ ನೀಲಿ ಪುಸ್ತಕ ಇನ್ನೂ ಇದ್ದರೆ, ಆ ನಲವತ್ತು ದಿನದ್ದೂ ನಕಲು ಮಾಡಿ ಕಳಿಸಿ. ಎಷ್ಟು ಹಾಲು ಕುಡಿದಳು, ಯಾವಾಗ ಅತ್ತಳು, ಮೊದಲ ಸಲ ಕಣ್ಣರಳಿಸಿ ಯಾರನ್ನು ನೋಡಿದಳು, ಒಂದನ್ನೂ ಬಿಡಬೇಡಿ.

ಉತ್ತರ ನನ್ನ ಹೆಸರಿಗೇ ಬರಲಿ, ಮಗಳ ಹೆಸರಿಗೆ ಬೇಡ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಅವಳೆದುರಿಗೇ ಡಾಕ್ಟರಿಗೆ ನಾನೇ ಹೇಳಬೇಕು.

ಇಂತಿ,
ಅವಳನ್ನು ಹೆತ್ತವಳು